ನಡೆದ್ರೆ ಕಾಲ್ನೋವು, ನಿಂತ್ರೆ ಮಾಯ

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪಂಗೆ 61 ವರ್ಷ, ಹಳೇ ಶುಗರ್, ಬೀಡಿ ಬಿಟ್ಟಿಲ್ಲ. ಬಸ್ ಸ್ಟ್ಯಾಂಡ್‌ವರೆಗೆ ನಡೆಯೋಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡ್ಕೊಳ್ಳುತ್ತೆ, ಎರಡು ನಿಮಿಷ ನಿಂತ್ರೆ ಸರಿಹೋಗುತ್ತೆ. ವ್ಯಾಸ್ಕುಲರ್ ಸರ್ಜನ್‌ಗೆ ತೋರ್ಸಿ ಅಂತಾರೆ, ಅಪ್ಪಂಗೆ ಕಾಲು ತೆಗೆದ್ಬಿಡ್ತಾರೆ ಅಂತ ಭಯ. ಇವ್ರು ಹಾರ್ಟ್ ಡಾಕ್ಟ್ರಾ?
– ಓದುಗರು, ದಾವಣಗೆರೆ

ಉತ್ತರ: ಹಾರ್ಟ್ ಡಾಕ್ಟ್ರಲ್ಲ. ಹಾರ್ಟ್‌ಗೆ, ಮೆದುಳಿಗೆ ಬೇರೆಯವರಿದ್ದಾರೆ, ಮಿಕ್ಕ ರಕ್ತನಾಳ ಹೆಚ್ಚುಕಮ್ಮಿ ಎಲ್ಲಾ ಇವರ ಪಾಲು: ಕತ್ತಿನ ನಾಳ ಕಟ್ಕೊಂಡ್ರೆ, ಹೊಟ್ಟೆಯ ದೊಡ್ಡ ನಾಳ ಊದ್ಕೊಂಡ್ರೆ, ಕಾಲೊಳಗೆ ರಕ್ತ ಹೆಪ್ಪುಗಟ್ಟಿದ್ರೆ, ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ಎರಡು ರಕ್ತನಾಳ ಸೇರಿಸಿ ಹೊಲಿಯೋದು) ಮಾಡ್ಬೇಕಾದ್ರೆ, ಹೀಗೆ.

ನೀವು ಬರೆದಿರೋದು ನೋಡಿದ್ರೆ ಕಾಲಿಗೆ ರಕ್ತ ಒಯ್ಯೋ ನಾಳ ಸಣ್ಣಗಾಗಿರೋ ಹಾಗಿದೆ, ವಯಸ್ಸು ಅಂತ ಸುಮ್ನಿರಬೇಡಿ. ನಡೆಯೋವಾಗ ಸ್ನಾಯುಗೆ ಹೆಚ್ಚು ರಕ್ತ ಬೇಕು, ಸಿಗಲ್ಲ, ಅದಕ್ಕೇ ನೋವು. ಸೊಂಟದ ನರ ಒತ್ತಿದ್ರೂ ಹೀಗೇ ಆಗುತ್ತೆ, ಆದ್ರೆ ಅದಕ್ಕೆ ಬರೀ ನಿಂತ್ರೆ ಸಾಲಲ್ಲ, ಕೂರ್ಬೇಕು ಇಲ್ಲಾ ಮುಂದಕ್ಕೆ ಬಗ್ಗಬೇಕು.

ಟೆಸ್ಟ್ ಸುಲಭ. ಕೈಗೆ ಕಟ್ಟೋ ಹಾಗೇ ಕಣಕಾಲಿಗೂ ಪಟ್ಟಿ ಕಟ್ಟಿ ಬಿಪಿ ನೋಡ್ತಾರೆ, ಕಾಲಿನದ್ದನ್ನ ಕೈಯದ್ದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಬ್ಲಾಕ್ ಇದೆ ಅಂತ. ಶುಗರ್‌ನೋರಲ್ಲಿ ನಾಳ ಕಲ್ಲಿನಂತಾಗಿ 1.4ಕ್ಕಿಂತ ಹೆಚ್ಚು ಬರೋದೂ ಉಂಟು, ಅದನ್ನ ನಾರ್ಮಲ್ ಅಂದ್ಕೊಂಡು ವಾಪಸ್ ಬರ್ಬೇಡಿ, ರಕ್ತ ಹೇಗೆ ಹರೀತಿದೆ ಅಂತ ತೋರ್ಸೋ ಡಾಪ್ಲರ್ ಸ್ಕ್ಯಾನ್ ಮಾಡ್ಸಿ.

ಕಾಲು ತೆಗೆಯೋ ಮಾತು ಬರೋದು ಬಹಳ ಸಲ ತಡವಾಗಿ ಬಂದೋರಿಗೆ, ಗಾಯ ಮಾಯದೆ ಬೆರಳು ಕಪ್ಪಾದ್ಮೇಲೆ. ಈ ಹಂತದಲ್ಲಿ ಹೆಚ್ಚಿನವರಿಗೆ ಮಾತ್ರೆ, ಜೊತೆಗೆ ನಡಿಗೆ: ನೋವು ಬರೋವರೆಗೆ ನಡೆದು, ನಿಂತು, ನೋವು ಹೋದ್ಮೇಲೆ ಮತ್ತೆ ನಡೆದು, ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ 3 ದಿನವಾದ್ರೂ, 12 ವಾರ. ಪಾದದಲ್ಲಿ ಗಾಯ ಇದ್ರೆ ಮಾತ್ರ ಡಾಕ್ಟ್ರನ್ನ ಕೇಳಿ ಶುರುಮಾಡಿ. ಇದಕ್ಕೆ ಬಗ್ಗದಿದ್ರೆ ನಾಳ ಅಗಲಿಸೋ ಬಲೂನ್, ಅದನ್ನ ತೆರೆದೇ ಇಡೋ ಸ್ಟೆಂಟ್ ಅನ್ನೋ ಜಾಲರಿ ಕೊಳವೆ, ಇಲ್ಲಾ ಅವರದ್ದೇ ಕಾಲಿನ ಸಿರೆ ತೆಗೆದು ಬ್ಲಾಕ್ ಬಳಸಿ ಹೋಗೋ ಬೈಪಾಸ್. ಆದ್ರೆ ಬೀಡಿ ಸೇದ್ತಾನೇ ಸ್ಟೆಂಟ್ ಹಾಕ್ಸೋದು ನನ್ನ ಕೇಳಿದ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ರಾತ್ರಿ ಮಲಗಿದಾಗ ಪಾದ ನೋವು ಬಂದು, ಮಂಚದಿಂದ ಕಾಲು ಇಳಿಬಿಟ್ರೆ ಹಾಯೆನ್ಸಿದ್ರೆ ತಡ ಮಾಡ್ಬೇಡಿ. ಕಾಲು ದಿಢೀರ್ ತಣ್ಣಗಾಗಿ ಬಿಳಿಚ್ಕೊಂಡ್ರೆ ಅಪಾಯಿಂಟ್‌ಮೆಂಟ್ ಗೀಪಾಯಿಂಟ್‌ಮೆಂಟ್ ಬೇಡ, ನೇರ ಎಮರ್ಜೆನ್ಸಿಗೆ, ಸುಮಾರು 6 ಗಂಟೆ ಒಳಗೆ ರಕ್ತ ಹರಿಯೋ ಹಾಗಾಗ್ಬೇಕು.

ಪ್ರಶ್ನೆ: ಹೋಟೆಲ್‌ನಲ್ಲಿ ದಿನವಿಡೀ ನಿಂತ್ಕೊಂಡೇ ಕೆಲಸ, ಕಾಲಲ್ಲಿ ಹಸಿರು ನರ ಸುತ್ಕೊಂಡು ಉಬ್ಬಿದೆ, ಸಂಜೆ ಕಾಲು ಊದುತ್ತೆ. ಇದಕ್ಕೂ ವ್ಯಾಸ್ಕುಲರ್ ಸರ್ಜನ್ನೇ ನೋಡ್ತಾರಾ?
– ಓದುಗರು, ಕುಂದಾಪುರ

ಉತ್ತರ: ಹೌದು, ಅವರೇ. ಅದು ನರ ಅಲ್ಲ, ಸಿರೆ, ಒಳಗಿನ ವಾಲ್ವ್ ಕೆಟ್ಟು ರಕ್ತ ಮೇಲಕ್ಕೆ ಹೋಗದೆ ನಿಂತಿರುತ್ತೆ, ವೆರಿಕೋಸ್ ವೇನ್ಸ್ ಅನ್ನೋದು ಇದಕ್ಕೇ. ಈಗ ಲೇಸರ್‌ನಲ್ಲೇ ಮುಚ್ತಾರೆ, ಹೆಚ್ಚಾಗಿ ಅದೇ ದಿನ ಮನೆಗೆ. ಸದ್ಯಕ್ಕೆ ಬಿಗಿ ಸ್ಟಾಕಿಂಗ್ಸ್ ನಡೆಯುತ್ತೆ, ಆದ್ರೆ ಡಾಕ್ಟ್ರು ಪಾದದ ನಾಡಿ ನೋಡಿದ ಮೇಲೇ ತಗೊಳ್ಳಿ, ಮೇಲಿನ ಪ್ರಶ್ನೆಯ ಅಪ್ಪನ ಥರ ರಕ್ತವೇ ಕಮ್ಮಿ ಬರೋ ಕಾಲಿಗೆ ಅದನ್ನ ಹಾಕಿದ್ರೆ ಅಪಾಯ.