ವಿನ್ನಿ ದ ಪೂ ಕಥೆಯ ಒಂದೊಂದು ಪಾತ್ರವೂ ಒಂದೊಂದು ಮಾನಸಿಕ ಕಾಯಿಲೆಯ ಸಂಕೇತವೇ?

ಅಲ್ಲ. ಇಂಗ್ಲಿಷ್ ಲೇಖಕ ಎ. ಎ. ಮಿಲ್ನ್ ಈ ಮಕ್ಕಳ ಕಥೆಗಳ ಎರಡು ಪುಸ್ತಕಗಳನ್ನು ತಂದದ್ದು 1926 ಮತ್ತು 1928ರಲ್ಲಿ. ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆಗೆ ಇಂದು ಹೇಳುವ ಎಡಿಎಚ್‌ಡಿ ಎಂಬ ಹೆಸರು ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ಈ ಮಾತಿಗೆ ರೆಕ್ಕೆಪುಕ್ಕ ಕೊಟ್ಟದ್ದು ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2000ದ ಡಿಸೆಂಬರ್‌ನಲ್ಲಿ ಬಂದ ಲೇಖನ. ಬರೆದವರು ನಿಜವಾದ ವೈದ್ಯರು. ಬರೆದದ್ದು ಮಾತ್ರ ತಮಾಷೆಗೆ. ಕರಡಿ ಪೂಗೆ ಗಮನದ ಕೊರತೆ, ಹಂದಿಮರಿ ಪಿಗ್ಲೆಟ್‌ಗೆ ಆತಂಕ, ಕತ್ತೆ ಈಯೋರ್‌ಗೆ ದೀರ್ಘಕಾಲದ ಖಿನ್ನತೆ, ತನ್ನ ಹೆಸರನ್ನೇ ತಪ್ಪಾಗಿ ಬರೆಯುವ ಗೂಬೆಗೆ ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಎಂದು ಹಂಚಿದರು. ಕೈಯಿಂದ ಕೈಗೆ ದಾಟುತ್ತ ತಮಾಷೆ ಉದುರಿಹೋಯಿತು, ಪಟ್ಟಿ ಉಳಿಯಿತು.

ಪಾತ್ರಗಳ ನಿಜವಾದ ಮೂಲ ಮಿಲ್ನ್ ಅವರ ಮಗ ಕ್ರಿಸ್ಟೋಫರ್ ರಾಬಿನ್‌ನ ಆಟಿಕೆಗಳು. ಗೂಬೆ, ಮೊಲ ಮಾತ್ರ ಲೇಖಕರ ಕಲ್ಪನೆ. ಕತ್ತು ಜೋತುಬಿದ್ದ ಬೊಂಬೆ ಕತ್ತೆಗೆ ಸಪ್ಪೆ ಸ್ವಭಾವ ಬಂದದ್ದರಲ್ಲಿ ಆಶ್ಚರ್ಯವೇನು?

ಇನ್ನು ಸ್ವಭಾವ ಬೇರೆ, ಕಾಯಿಲೆ ಬೇರೆ. ಅಂಜುಬುರುಕತನವೇ ರೋಗವಲ್ಲ, ಅಂಜಿಕೆಯಿಂದ ಊಟ, ನಿದ್ದೆ, ಶಾಲೆ ಎಲ್ಲವೂ ಕೆಟ್ಟು ಅದು ಬಹುಕಾಲ ಮುಂದುವರಿದರೆ ವೈದ್ಯರು ನೋಡಬೇಕು. ಈಯೋರ್‌ನನ್ನೇ ನೋಡಿ: ಹುಟ್ಟುಹಬ್ಬಕ್ಕೆ ಸಿಕ್ಕಿದ್ದು ಒಡೆದ ಬಲೂನು ಮತ್ತು ಖಾಲಿ ಜೇನಿನ ಪಾತ್ರೆ. ಬಲೂನನ್ನು ಪಾತ್ರೆಗೆ ಹಾಕುತ್ತ, ತೆಗೆಯುತ್ತ ಅವನು ಖುಷಿಯಾಗಿರುತ್ತಾನೆ. ಪಟ್ಟಿಯಲ್ಲಿ ಈ ದೃಶ್ಯಕ್ಕೆ ಜಾಗವೇ ಇಲ್ಲ.

ಹಾಗೆಂದು ಹೋಲಿಕೆ ವ್ಯರ್ಥವೆಂದು ನಾನು ಹೇಳುವುದಿಲ್ಲ. “ನಿನಗೆ ಭಯವೇ?” ಎಂದರೆ ತಲೆತಗ್ಗಿಸುವ ಮಗು, “ಪಿಗ್ಲೆಟ್‌ಗೆ ಯಾಕೆ ಭಯ?” ಎಂದರೆ ಎಷ್ಟೋ ಸಲ ತನ್ನದೇ ಕಥೆ ಹೇಳತೊಡಗುತ್ತದೆ.