ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿದ್ದೇನೆ. ಆರೋಗ್ಯ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಮೊದಲು ಸೊಂಟ ಉಳಿಸಿಕೊಳ್ಳಿ. ಗದಗಿನಲ್ಲಿ ಇದೇ ಕೆಲಸ ಮಾಡುವ ನಮ್ಮಕ್ಕನಿಗೆ ಎರಡೇ ವರ್ಷಕ್ಕೆ ಸೊಂಟನೋವು ಶುರುವಾಯಿತು, ರೋಗಿಗಳನ್ನು ಒಬ್ಬಳೇ ಎತ್ತಿ ಎತ್ತಿ. ಮಂಚ ಏರಿಸಲು ಬರುವಂತಿದ್ದರೆ ನಿಮ್ಮ ಸೊಂಟದ ಮಟ್ಟಕ್ಕೆ ತನ್ನಿ. ರೋಗಿಯನ್ನು ಸರಿಸುವಾಗ ಎತ್ತಬೇಡಿ; ಕೆಳಗೆ ಅಡ್ಡ ಬೆಡ್‌ಶೀಟ್ ಹಾಕಿ, ಇಬ್ಬರು ಹಿಡಿದು ಜಾರಿಸಿ. ಇನ್ನೊಬ್ಬರನ್ನು ಕರೆಯಲು ಸಂಕೋಚ ಬೇಡವೇ ಬೇಡ.

ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆ ಮೂರು ಡೋಸ್: ಈಗ, 1 ತಿಂಗಳಿಗೆ, 6 ತಿಂಗಳಿಗೆ. ಮೂರನೆಯದನ್ನೇ ಜಾಸ್ತಿ ಜನ ಮರೆಯುವುದು, ಅಲ್ವಾ? ರೋಗಿಗೆ ಬಳಸಿದ ಸೂಜಿ ನಿಮಗೆ ಚುಚ್ಚಿದರೆ ಗಾಯ ಹಿಂಡಬೇಡಿ. ಸೋಪು-ನೀರಿನಲ್ಲಿ ತೊಳೆದು ತಕ್ಷಣ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೇ ಶುರುವಾಗಬೇಕು. ಬೈತಾರೆ ಅಂತ ಸುಮ್ನೆ ಮುಚ್ಚಿಡಬೇಡಿ.

ನೈಟ್ ಡ್ಯೂಟಿಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿಕೊಂಡು ಹೋಗಿ. ಬರೀ ಚಹಾ-ಮಿರ್ಚಿಯಲ್ಲಿ ರಾತ್ರಿ ತಳ್ಳಬೇಡಿ.