ಚರಂಡಿಗೂ ನಮ್ಮ ವರಮಾನಕ್ಕೂ ಏನು ಸಂಬಂಧ?

ಪ್ರಶ್ನೆ: ನಮ್ಮ ಬಡಾವಣೆಯ ಒಳಚರಂಡಿ ಕೊಳವೆಗಳು ಬಹಳ ಹಳೆಯವು. ಜೋರು ಮಳೆ ಬಂದ ದಿನ ಮ್ಯಾನ್‌ಹೋಲ್ ಉಕ್ಕಿ, ನೆಲಮಹಡಿಯ ಮನೆಗಳ ಬಚ್ಚಲಿನಲ್ಲಿ ಕೊಳಚೆ ನೀರು ಮೇಲೇಳುತ್ತದೆ. ದುರಸ್ತಿಗೆ ಅನುದಾನ ಕೇಳುತ್ತಿದ್ದೇವೆ ಎಂದು ಸ್ಥಳೀಯ ಆಡಳಿತದವರು ಹೇಳುತ್ತಲೇ ಬಂದಿದ್ದಾರೆ. ಈಗ ಮನೆಮನೆಗೆ ಬಂದು ಕುಟುಂಬದ ವರಮಾನ ಎಷ್ಟೆಂದು ವಿಚಾರಿಸುತ್ತಿದ್ದಾರೆ. ತಪ್ಪದೆ ಶುಲ್ಕ ಕಟ್ಟುವ ನಾವು ಇದನ್ನೇಕೆ ಹೇಳಬೇಕು?

ಉತ್ತರ: ದಯವಿಟ್ಟು ಹೇಳಿ. ನೀವು ಕಟ್ಟುವ ಶುಲ್ಕ ಸಾಮಾನ್ಯವಾಗಿ ಪಂಪುಗಳ ವಿದ್ಯುತ್ತು, ಕಟ್ಟಿಕೊಂಡ ಕೊಳವೆಯನ್ನು ಬಿಡಿಸುವ ಕೆಲಸ, ನೀರಿನ ಶುದ್ಧೀಕರಣ ಮುಂತಾದ ದಿನನಿತ್ಯದ ಖರ್ಚಿಗೇ ಸರಿಹೋಗುತ್ತದೆ. ಒಂದು ಬಡಾವಣೆಯ ಕೊಳವೆಗಳನ್ನೆಲ್ಲ ಒಮ್ಮೆಗೇ ಬದಲಿಸುವ ವೆಚ್ಚವನ್ನು ಅಲ್ಲಿನ ಮನೆಗಳ ಮೇಲೆಯೇ ಹೊರಿಸಿದರೆ ಅದು ಬಡವರಿಗೆ ಎಲ್ಲರಿಗಿಂತ ಭಾರವಾಗುತ್ತದೆ. ಹಾಗಾಗಿಯೇ ಹೊರಗಿನ ಹಣ ಕೇಳುವುದು, ಮತ್ತು ಹಣ ಕೊಡುವವರು ಅದರ ಪ್ರಯೋಜನ ಯಾರಿಗೆ ತಲುಪುತ್ತದೆಂದು ಕೇಳುವುದು. ಅಮೆರಿಕದಲ್ಲಿ 1974ರ ಕಾಯ್ದೆಯಿಂದ ಆರಂಭವಾದ ಸಮುದಾಯ ಅಭಿವೃದ್ಧಿ ಅನುದಾನವನ್ನೇ ನೋಡಿ: ಇಡೀ ಪ್ರದೇಶಕ್ಕೆ ಅನುಕೂಲವಾಗುವ ಕಾಮಗಾರಿಯಾದರೆ, ಅಲ್ಲಿನ ನಿವಾಸಿಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಶೇ. 51ರಷ್ಟು ಮಂದಿ ಕಡಿಮೆ ಅಥವಾ ಮಧ್ಯಮ ವರಮಾನದವರಾಗಿರಬೇಕು. ಜನಗಣತಿಯ ಅಂಕಿಗಳ ಗಡಿಯೂ ಚರಂಡಿ ಸರಿಪಡಿಸಬೇಕಾದ ಬೀದಿಗಳ ಗಡಿಯೂ ಹೊಂದದಿದ್ದಾಗ ಮನೆಮನೆ ಸಮೀಕ್ಷೆಯೇ ದಾರಿ. ಸಾಕಷ್ಟು ಮನೆಗಳು ಉತ್ತರ ಕೊಡದಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ, ದುರಸ್ತಿ ತೀರಾ ಅಗತ್ಯವಿರುವ ಬೀದಿಯೇ ಅರ್ಜಿಯಿಂದ ಕೈಬಿಟ್ಟುಹೋಗಬಹುದು. ನಿಮ್ಮ ಮಾಹಿತಿಯನ್ನು ಯಾರು ನೋಡುತ್ತಾರೆ, ಹೇಗೆ ಗೌಪ್ಯವಾಗಿಡುತ್ತಾರೆ ಎಂದು ಸಮೀಕ್ಷೆಗೆ ಬಂದವರನ್ನು ಕೇಳುವ ಹಕ್ಕು ನಿಮಗಿದೆ.

ಆದರೆ ವರಮಾನದ ಲೆಕ್ಕದಿಂದ ಅರ್ಹತೆ ಮಾತ್ರ ಸಿಗುತ್ತದೆ. ಅರ್ಜಿಗೆ ಬಲ ಬರುವುದು ಕೊಳವೆಯ ಸ್ಥಿತಿಯ ಪುರಾವೆಯಿಂದ. ಮಳೆ ಬಂದಾಗ ಉಕ್ಕುತ್ತದೆ ಎಂದು ನೀವು ಬರೆದಿರುವ ಒಂದೇ ಮಾತಿನಲ್ಲಿ ರೋಗದ ಸುಳಿವಿದೆ. ನಿಮ್ಮದು ಮನೆಗಳ ಕೊಳಚೆ ನೀರಿಗೆಂದೇ ಹಾಕಿದ ಕೊಳವೆಯಾಗಿದ್ದರೆ, ಅದರೊಳಕ್ಕೆ ಮಳೆನೀರು ಎಲ್ಲಿಂದಲೋ ನುಗ್ಗುತ್ತಿದೆ: ಬಿರುಕುಬಿಟ್ಟ ಜೋಡಣೆಯಿಂದ, ಸೋರುವ ಮ್ಯಾನ್‌ಹೋಲಿನಿಂದ, ಇಲ್ಲವೇ ಚರಂಡಿಗೇ ಜೋಡಿಸಿಬಿಟ್ಟಿರುವ ತಾರಸಿಯ ಕೊಳವೆಯಿಂದ. ಇದನ್ನು ಪತ್ತೆಹಚ್ಚಲು ಹೊಗೆ ಪರೀಕ್ಷೆಯಿದೆ. ಮ್ಯಾನ್‌ಹೋಲಿನ ಮೂಲಕ ಹಾನಿಯಿಲ್ಲದ ಹೊಗೆಯನ್ನು ಊದಿದರೆ, ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಅದು ಮೇಲೇಳುತ್ತದೆ. ತಾರಸಿಯ ಮಳೆನೀರಿನ ಕೊಳವೆಯ ತುದಿಯಲ್ಲಿ ಬಿಳಿಹೊಗೆ ಸುರುಳಿಯಾಗಿ ಹೊರಬಂದರೆ, ಆ ತಾರಸಿಯ ಮೇಲೆ ಬಿದ್ದ ಮಳೆ ಚರಂಡಿ ಸೇರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹತ್ತು ಮನವಿಪತ್ರಗಳಿಗಿಂತ ಇಂಥ ಒಂದು ಛಾಯಾಚಿತ್ರಕ್ಕೆ ಹೆಚ್ಚು ತೂಕವಿದೆ ಎಂದು ನಾನು ನಂಬುತ್ತೇನೆ.

ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದೂ ಅಷ್ಟೇ ಮುಖ್ಯ. ಹರಿವು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗವನ್ನು ಮುಟ್ಟದಿದ್ದರೆ ಹೂಳು ತಳದಲ್ಲಿ ಕೂರುತ್ತದೆ. ನಿಂತು ಕೊಳೆತ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ, ಕೊಳವೆಯ ತೇವದ ನೆತ್ತಿಯಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿಸುತ್ತವೆ, ಆ ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ತಳ ಗಟ್ಟಿಯಾಗಿಯೇ ಇದ್ದು ನೆತ್ತಿ ಮಾತ್ರ ಉದುರುವ ಸ್ಥಿತಿಗೆ ಬಂದಿರುವುದು ರಸ್ತೆಯ ಮೇಲೆ ನಿಂತವರಿಗೆ ಕಾಣುವುದೇ ಇಲ್ಲ. ಈ ವರದಿ ಕೈಯಲ್ಲಿದ್ದರೆ, ಯಾವ ಭಾಗವನ್ನು ಅಗೆದು ಬದಲಿಸಬೇಕು, ಯಾವುದಕ್ಕೆ 1971ರಲ್ಲಿ ಲಂಡನ್ನಿನಲ್ಲಿ ಮೊದಲು ಬಳಸಿದ ವಿಧಾನದಂತೆ ರಾಳದಲ್ಲಿ ನೆನೆಸಿದ ಒಳಪದರ ಹಾಕಿದರೆ ಸಾಕು ಎಂದು ಎಂಜಿನಿಯರು ಖಚಿತವಾಗಿ ಬರೆಯಬಲ್ಲರು, ಅಂದಾಜು ಪಟ್ಟಿಗೂ ಬೆಲೆ ಬರುತ್ತದೆ.

ನಿವಾಸಿಗಳೂ ಒಂದು ಕೆಲಸ ಮಾಡಬೇಕು. ಕೊಳಚೆ ಉಕ್ಕಿದಾಗಲೆಲ್ಲ ದಿನಾಂಕ, ಸಮಯ, ನೀರು ಎಲ್ಲಿಯವರೆಗೆ ಏರಿತು ಎಂಬುದನ್ನು ಚಿತ್ರಸಹಿತ ಬರೆದಿಟ್ಟು, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಧ್ಯರಾತ್ರಿ ಬಚ್ಚಲು ಬಳಿದು ತೊಳೆದವರ ಸಂಕಟ ದೊಡ್ಡದು. ಬಾಯಿಮಾತಿನ ದೂರಾದರೆ ಅದು ಕಡತದಲ್ಲಿ ಉಳಿಯುವುದಿಲ್ಲ. ಇನ್ನು, ಸಾರ್ವಜನಿಕ ಸಭೆ, ಪರಿಸರ ಪರಿಶೀಲನೆ, ಸ್ಥಳೀಯ ಆಡಳಿತ ತನ್ನ ಪಾಲಿನ ಹಣ ಹೊಂದಿಸುವುದು ಇವೆಲ್ಲ ಮುಗಿಯದೆ ಬಹುತೇಕ ಅನುದಾನಗಳು ಬಿಡುಗಡೆಯಾಗುವುದಿಲ್ಲವಾದ್ದರಿಂದ ವಿಳಂಬವೆಲ್ಲ ಉದಾಸೀನದ ಫಲವಲ್ಲ.

ಪ್ರಶ್ನೆ: ಅನುದಾನ ಬಂದರೆ ನಮ್ಮ ಮನೆಯಿಂದ ಮುಖ್ಯ ಕೊಳವೆಯವರೆಗಿನ ಸಂಪರ್ಕವೂ ಹೊಸದಾಗುತ್ತದೆಯೇ? ಶುಲ್ಕ ಇಳಿಯುತ್ತದೆಯೇ?

ಉತ್ತರ: ಮೊದಲನೆಯದನ್ನು ಅರ್ಜಿ ಹೋಗುವ ಮುನ್ನವೇ ಕೇಳಿ. ಹಲವೆಡೆ ಆ ಸಂಪರ್ಕ ಕೊಳವೆ ಮನೆಯ ಮಾಲೀಕರ ಹೊಣೆ. ಅದನ್ನು ಅರ್ಜಿಯಲ್ಲಿ ಸೇರಿಸದಿದ್ದರೆ, ಹೊಸ ಮುಖ್ಯ ಕೊಳವೆಗೆ ಒಡೆದ ಹಳೆಯ ಸಂಪರ್ಕಗಳನ್ನೇ ಜೋಡಿಸಿ, ಮಳೆನೀರು ಅದೇ ದಾರಿಯಲ್ಲಿ ಮತ್ತೆ ಒಳಬರುತ್ತದೆ.

ಶುಲ್ಕ ಇಳಿಯುವ ನಿರೀಕ್ಷೆ ಬೇಡ. ಅನುದಾನ ಸಾಮಾನ್ಯವಾಗಿ ನಿರ್ಮಾಣಕ್ಕೆ ಸಿಗುತ್ತದೆ, ನಿರ್ವಹಣೆಗೆ ಸಿಗುವುದಿಲ್ಲ. ಅಮೆರಿಕದ 1972ರ ಶುದ್ಧ ಜಲ ಕಾಯ್ದೆ ಕೊಳಚೆ ಶುದ್ಧೀಕರಣದ ನಿರ್ಮಾಣ ವೆಚ್ಚದಲ್ಲಿ ಶೇ. 75ರಷ್ಟನ್ನು ಕೇಂದ್ರದಿಂದ ಕೊಡಿಸಿತು. 1981ರ ತಿದ್ದುಪಡಿ ಆ ಪಾಲನ್ನು ಶೇ. 55ಕ್ಕೆ ಇಳಿಸಿತು. 1987ರ ತಿದ್ದುಪಡಿ ಅನುದಾನದ ಜಾಗಕ್ಕೆ ಸಾಲದ ಆವರ್ತ ನಿಧಿಯನ್ನು, ಅಂದರೆ ಮರಳಿ ಬಂದ ಸಾಲದ ಹಣವನ್ನೇ ಮತ್ತೆ ಸಾಲ ಕೊಡುವ ನಿಧಿಯನ್ನು, ತಂದಿತು. ಕಟ್ಟಿದ್ದು ಹಳತಾಗುವ ಹೊತ್ತಿಗೆ ಮೊದಲಿನ ಉದಾರ ಅನುದಾನ ಉಳಿದಿರಲಿಲ್ಲ. ಆದ್ದರಿಂದ ಸಾರ್ವಜನಿಕ ಸಭೆಯಲ್ಲಿ ಎದ್ದು ನಿಂತು, ಹೊಸ ಕೊಳವೆಗಳನ್ನು ವರ್ಷಕ್ಕೆ ಎಷ್ಟು ಬಾರಿ ತೊಳೆಯುತ್ತೀರಿ, ಆ ಹಣ ಆಯವ್ಯಯದ ಯಾವ ಶೀರ್ಷಿಕೆಯಲ್ಲಿದೆ ಎಂದು ಕೇಳಿ, ಉತ್ತರ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.